ಅಂಚೆಚೀಟಿಯೊಳಗಿನ ಹಂಸ

ರವಿವರ್ಮ ಹುಟ್ಟಿದ್ದು 1848ರ ಏಪ್ರಿಲ್ 29ರಂದು, ತಿರುವಾಂಕೂರು ಸಂಸ್ಥಾನದ ಕಿಳಿಮಾನೂರಿನಲ್ಲಿ. 1971ರಲ್ಲಿ ಅದೇ ತಾರೀಖಿನಂದು, ಅಂದು ಗುರುವಾರ, ಅಂಚೆ ತಂತಿ ಇಲಾಖೆ ಅವರ ನೆನಪಿಗೆ 20 ಪೈಸೆಯ ಚೀಟಿಯೊಂದನ್ನು ಹೊರತಂದಿತು. ಅವರು ತೀರಿಕೊಂಡು ಆಗ 64 ವರ್ಷ ಕಳೆದಿತ್ತು. ಚೀಟಿಗೆ ಆರಿಸಿದ ಚಿತ್ರ ‘ಹಂಸ ದಮಯಂತಿ’. ಆ ಕಾಲಕ್ಕೆ ದೇಶದೊಳಗೆ ಹೋಗುವ 15 ಗ್ರಾಂ ತೂಕದ ಕವರಿಗೆ 20 ಪೈಸೆ ಸಾಕು. ಹಾಗಾಗಿ ಸಂಗ್ರಹಕಾರರ ಆಲ್ಬಮ್ಮಿಗಿಂತ ಹೆಚ್ಚಾಗಿ ಇದು ಸೇರಿದ್ದು ಮದುವೆ ಮಾತುಕತೆ, ಸಾಲದ ನೆನಪು, ಮಗಳ ಬಾಣಂತನದ ಸುದ್ದಿಗಳನ್ನು ಹೊತ್ತ ಸಾಧಾರಣ ಕವರುಗಳನ್ನು.

ನಾನು ಅಂಚೆ ಕಚೇರಿಯ ಕೌಂಟರಿನ ಹಿಂದೆ ಕೂತು ನಿವೃತ್ತಳಾದವಳು. ಈ ಚೀಟಿ ಬಂದಾಗ ಇನ್ನೂ ಮೈಸೂರಿನಲ್ಲಿ ಓದುತ್ತಿದ್ದೆ. ಕೆಲಸಕ್ಕೆ ಸೇರಿದ್ದು ಆಮೇಲೆ. ಸ್ಮರಣಾರ್ಥ ಚೀಟಿಗಳು ಹಾಳೆಹಾಳೆಯಾಗಿ ಬರುವುದನ್ನೂ, ಜನ ಅವನ್ನು ನೋಡುವ ರೀತಿಯನ್ನೂ ಬಹಳ ಕಾಲ ಗಮನಿಸಿದ್ದೇನೆ. ರಾಜಕಾರಣಿಯ ಮುಖವಿರುವ ಚೀಟಿಯನ್ನು ಗಿರಾಕಿ ನೋಡದೆ ಹರಿದು ಅಂಟಿಸುತ್ತಾನೆ. ಹಕ್ಕಿಯೋ ಹೂವೋ ಇದ್ದರೆ ಒಂದು ಗಳಿಗೆ ನಿಲ್ಲುತ್ತಾನೆ. ಸಂಗ್ರಹಕಾರರು ಹಳೆಯ ಚೀಟಿಗಳನ್ನು ಕೌಂಟರಿಗೆ ತಂದು ತೋರಿಸುವ ಹೊತ್ತಿನಲ್ಲಿ ರವಿವರ್ಮನ ಚೀಟಿ ಕಂಡರೆ ಪಕ್ಕದಲ್ಲಿ ನಿಂತವರೂ ಬಗ್ಗಿ ನೋಡುತ್ತಿದ್ದರು. ‘ಅಯ್ಯೋ, ಇದು ನಮ್ಮನೆ ದೇವರ ಪಟದ ರವಿವರ್ಮ ಅಲ್ವಾ’ ಎನ್ನುತ್ತಿದ್ದರು. ಚಿತ್ರಕಾರನ ಹೆಸರು ಹೇಳಿ ಗುರುತು ಹಿಡಿಯುವ ಅಭ್ಯಾಸ ನಮ್ಮ ಜನಕ್ಕೆ ಕಡಿಮೆ. ಇವರೊಬ್ಬರ ವಿಷಯದಲ್ಲಿ ಅದು ಬೇರೆ.

ಚೀಟಿಯನ್ನು ಭೂತಗನ್ನಡಿಯಡಿ ಇಟ್ಟು ನೋಡಿದರೆ ಮೊದಲು ಕಾಣುವುದು ಬಣ್ಣದ ಕೊರತೆ. ಒಂದೇ ಹಸಿರು ಶಾಯಿಯಲ್ಲಿ ಅಚ್ಚಾಗಿದೆ. ತಿರುವನಂತಪುರದ ಶ್ರೀ ಚಿತ್ರಾ ಕಲಾ ಗ್ಯಾಲರಿಯ ಸಂಗ್ರಹದ, 1899ರಲ್ಲಿ ಬರೆದ ತೈಲಚಿತ್ರದಲ್ಲಿ ದಮಯಂತಿ ಉಟ್ಟಿರುವುದು ಕಣ್ಣು ಕುಕ್ಕುವ ಕೆಂಪು ಸೀರೆ, ಅದಕ್ಕೆ ಜರಿಯಂಚು. ರವಿವರ್ಮ ಎಂದರೆ ಬಟ್ಟೆಯ ಮಡಿಕೆಯಲ್ಲಿ ಬೆಳಕು ಹೇಗೆ ಬಿದ್ದು ಹೇಗೆ ಸರಿಯುತ್ತದೆ ಎಂಬುದನ್ನು ಎಣ್ಣೆಬಣ್ಣದಲ್ಲಿ ಹಿಡಿದ ಮನುಷ್ಯ. ಅಂಥವರ ಚಿತ್ರದಿಂದ ಕೆಂಪನ್ನೇ ತೆಗೆದುಬಿಟ್ಟರು. ಆದರೂ ಚೀಟಿ ನಿಂತಿದೆ. ಹೆಬ್ಬೆರಳಿನಷ್ಟು ಜಾಗದಲ್ಲಿ, ಒಂದು ಬಣ್ಣದಲ್ಲಿ, ಅವಳು ಹಂಸದ ಮಾತಿಗೆ ಕಿವಿಗೊಟ್ಟಿದ್ದಾಳೆ ಎಂದು ತಕ್ಷಣ ತಿಳಿಯುತ್ತದೆ. ರವಿವರ್ಮನ ಶಕ್ತಿಯೆಲ್ಲ ಬಣ್ಣದಲ್ಲೇ ಇತ್ತು ಎನ್ನುವವರಿಗೆ ನಾನು ಈ ಚೀಟಿಯನ್ನು ತೋರಿಸುತ್ತೇನೆ. ಮೈ ತಿರುಗಿದ ರೀತಿ, ಕತ್ತಿನ ಬಾಗು, ಹಕ್ಕಿಗೂ ಹೆಣ್ಣಿಗೂ ನಡುವೆ ಬಿಟ್ಟ ಅಂತರ, ಇವು ಬಣ್ಣ ಹೋದರೂ ಉಳಿಯುವಂಥವು.

ಆರಿಸಿದ ಪ್ರಸಂಗವೂ ಅಂಚೆಗೆ ಒಪ್ಪುವಂಥದ್ದು. ನಳ ತನ್ನ ಕೈಗೆ ಸಿಕ್ಕ ಹಂಸವನ್ನು ಕೊಲ್ಲದೆ ಬಿಡುತ್ತಾನೆ. ಆ ಋಣಕ್ಕೆ ಅದು ವಿದರ್ಭಕ್ಕೆ ಹಾರಿ ದಮಯಂತಿಯ ಮುಂದೆ ನಳನ ಗುಣಗಾನ ಮಾಡುತ್ತದೆ. ನೋಡದ ಇಬ್ಬರ ನಡುವೆ ಸುದ್ದಿ ಮುಟ್ಟಿಸಿದ ಹಕ್ಕಿ ಅದು. ಕನ್ನಡಿಗರಿಗೆ ಈ ಕಥೆ ಕನಕದಾಸರ ‘ನಳಚರಿತ್ರೆ’ಯಿಂದ ಹತ್ತಿರವಾದದ್ದು, ಯಕ್ಷಗಾನದ ರಂಗದಿಂದಲೂ. ರವಿವರ್ಮನ ನೂರಾರು ಚಿತ್ರಗಳಲ್ಲಿ ಶಕುಂತಲೆಯನ್ನೋ ಲಕ್ಷ್ಮಿಯನ್ನೋ ಆರಿಸಬಹುದಿತ್ತು. ಕವರಿನ ಮೂಲೆಗೆ ಅಂಟಿಸುವ ಚೀಟಿಗೆ ಸಂದೇಶ ಹೊತ್ತ ಹಂಸಕ್ಕಿಂತ ಒಳ್ಳೆಯ ಆಯ್ಕೆ ಇರಲಿಲ್ಲ ಎಂದೇ ನನ್ನ ನಂಬಿಕೆ.

ಈ ಚೀಟಿಯನ್ನು ನಾನು ರವಿವರ್ಮನ ಅಚ್ಚಿನ ಪಟಗಳ ವಂಶಕ್ಕೇ ಸೇರಿಸುತ್ತೇನೆ. ತೈಲಚಿತ್ರ ಒಂದೇ ಇರುತ್ತದೆ, ಅರಮನೆಯ ಗೋಡೆಯ ಮೇಲೆ. ಅಲ್ಲಿಗೆ ಹೋಗಲಾಗದವರ ಮನೆಗೆ ಚಿತ್ರವೇ ಹೋಗಬೇಕು ಎನ್ನುವ ಯೋಚನೆ ಬಂದದ್ದು ರವಿವರ್ಮನ ಕಾಲದಲ್ಲೇ. ತಿರುವಾಂಕೂರು, ಇಂದೂರು, ಬರೋಡಾ ಮೂರೂ ಕಡೆ ದಿವಾನರಾಗಿದ್ದ ಸರ್ ಟಿ. ಮಾಧವರಾವ್, ನಿಮ್ಮ ಚಿತ್ರಗಳಿಗೆ ಇಷ್ಟು ಬೇಡಿಕೆಯಿರುವಾಗ ಒಬ್ಬರ ಕೈ ಎಷ್ಟೆಂದು ಪೂರೈಸೀತು, ಅವನ್ನು ಯುರೋಪಿಗೆ ಕಳಿಸಿ ಓಲಿಯೋಗ್ರಾಫ್, ಅಂದರೆ ಎಣ್ಣೆಚಿತ್ರದಂತೆ ಕಾಣುವ ಬಣ್ಣದ ಕಲ್ಲಚ್ಚಿನ ಪಟ, ಮಾಡಿಸಿ ಎಂದು ಸಲಹೆ ಕೊಟ್ಟರು. ರವಿವರ್ಮ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ 1894ರಲ್ಲಿ ಮುಂಬಯಿಯಲ್ಲಿ ತಮ್ಮದೇ ಅಚ್ಚುಕೂಟ ತೆರೆದರು. ಜರ್ಮನಿಯಿಂದ ಯಂತ್ರ ಬಂತು, ಕೆಲಸ ಬಲ್ಲವರೂ ಬಂದರು. ಮೊದಲು ಅಚ್ಚಾದದ್ದು ‘ಶಕುಂತಲೆಯ ಜನನ’.

ಕಲ್ಲಚ್ಚಿನ ಕೆಲಸ ಎಂಥ ಶ್ರಮದ್ದು ಎಂದು ಈಗಿನವರಿಗೆ ಹೇಳಬೇಕು. ನುಣ್ಣಗೆ ಉಜ್ಜಿದ ಸುಣ್ಣಕಲ್ಲಿನ ಹಲಗೆಯ ಮೇಲೆ ಜಿಡ್ಡಿನ ಮಸಿಯಲ್ಲಿ ಚಿತ್ರ ಬರೆಯಬೇಕು. ಕಲ್ಲನ್ನು ಒದ್ದೆ ಮಾಡಿ ಶಾಯಿಯ ಉರುಳೆ ಹಾಯಿಸಿದರೆ ಜಿಡ್ಡಿರುವ ಕಡೆ ಶಾಯಿ ಹಿಡಿಯುತ್ತದೆ, ನೀರಿರುವ ಕಡೆ ಹಿಡಿಯುವುದಿಲ್ಲ. ಒಂದು ಬಣ್ಣಕ್ಕೆ ಒಂದು ಕಲ್ಲು. ಸರಸ್ವತಿಯ ಬಿಳಿ ಸೀರೆಗೆ, ಮೈಬಣ್ಣಕ್ಕೆ, ನವಿಲಿಗೆ, ಹಿಂದಿನ ಮರಗಿಡಕ್ಕೆ ಬೇರೆಬೇರೆ ಕಲ್ಲುಗಳು. ಒಂದೇ ಕಾಗದ ಅಷ್ಟೂ ಕಲ್ಲುಗಳ ಮೇಲೆ ಸರದಿಯಂತೆ ಬಂದು ಹೋಗಬೇಕು. ಒಂದು ಕೂದಲೆಳೆ ಸರಿದರೂ ದೇವಿಯ ತುಟಿ ಕೆನ್ನೆಗೆ ಹೋಗುತ್ತದೆ. ಕೊನೆಗೆ ವಾರ್ನಿಷ್ ಹಚ್ಚಿದಾಗ ಅದಕ್ಕೆ ಎಣ್ಣೆಚಿತ್ರದ ಹೊಳಪು ಬರುತ್ತಿತ್ತು.

ಆ ಪಟಗಳು ದಕ್ಷಿಣದ ಮನೆಗಳಲ್ಲಿ ಮತ್ತೊಂದು ಅಲಂಕಾರ ಪಡೆದವು. ನಮ್ಮ ಅಜ್ಜಿಯ ಕಾಲದಲ್ಲಿ ತಂದ ಲಕ್ಷ್ಮಿಯ ಪಟ ನಮ್ಮ ದೇವರ ಮನೆಯಲ್ಲಿತ್ತು. ಲಕ್ಷ್ಮಿಯ ಸೀರೆಯ ಮೇಲೆ ಅಜ್ಜಿ ನಿಜವಾದ ರೇಷ್ಮೆಯ ತುಂಡು ಅಂಟಿಸಿ ಅಂಚಿಗೆ ಜರಿದಾರ ಕೂರಿಸಿದ್ದರು. ಕಿವಿಯೋಲೆಗೆ, ಕೊರಳಿನ ಹಾರಕ್ಕೆ ಚಮಕಿ ಮತ್ತು ಪುಟ್ಟ ಮಣಿ. ಮುಖ ಮತ್ತು ಕೈಗಳನ್ನು ಮಾತ್ರ ಅಚ್ಚಿನಲ್ಲಿದ್ದಂತೆಯೇ ಬಿಟ್ಟಿದ್ದರು. ಆಮೇಲೆ ಗಾಜು ಹಾಕಿಸಿ ಕಟ್ಟು ಕಟ್ಟಿಸಿದ್ದು. ಇದು ನಮ್ಮನೆಯ ವಿಶೇಷವೆಂದು ನಾನು ತಿಳಿದಿದ್ದೆ. ದೊಡ್ಡವಳಾದ ಮೇಲೆ ಇಂಥ ಬಟ್ಟೆಯುಟ್ಟ ರವಿವರ್ಮನ ಪಟಗಳನ್ನು ಎಷ್ಟೋ ಕಡೆ ಕಂಡೆ. ಚಿತ್ರಶಾಲೆಯವರು ಇದನ್ನು ಚಿತ್ರ ಕೆಡಿಸಿದ್ದು ಎನ್ನಬಹುದು. ನನಗೆ ಹಾಗನ್ನಿಸುವುದಿಲ್ಲ. ಅರಮನೆಯವರು ಚಿತ್ರಕಾರನನ್ನು ಕರೆಸಿ ಹೇಳಿ ಬರೆಸಿಕೊಂಡರು. ಅಜ್ಜಿ ತನ್ನ ಪಾಲಿನ ಕೆಲಸವನ್ನು ಸೂಜಿ ಗೋಂದಿನಿಂದ ಮಾಡಿಕೊಂಡರು.

ಅಚ್ಚುಕೂಟದಿಂದ ರವಿವರ್ಮನಿಗೆ ಹಣ ಉಳಿಯಲಿಲ್ಲ. ಮುಂಬಯಿಗೆ ಪ್ಲೇಗು ಬಂತು, ಸಾಲ ಬೆಳೆಯಿತು, ಅಚ್ಚುಕೂಟ ಲೋಣಾವಳದ ಹತ್ತಿರದ ಮಳವಲಿಗೆ ಹೋಯಿತು. ಹೊಸ ಶತಮಾನದ ಮೊದಲ ವರ್ಷಗಳಲ್ಲೇ ಅದನ್ನು ಅಲ್ಲಿ ಕೆಲಸಕ್ಕಿದ್ದ ಜರ್ಮನ್ ತಂತ್ರಜ್ಞ ಫ್ರಿಟ್ಜ್ ಶ್ಲೈಖರ್ ಕೊಂಡುಕೊಂಡರು. ಪಟಗಳು ಮಾತ್ರ ನಿಲ್ಲಲಿಲ್ಲ. ಕ್ಯಾಲೆಂಡರಿಗೆ ಹೋದವು, ಬೆಂಕಿಪೊಟ್ಟಣಕ್ಕೆ ಹೋದವು, ಸೋಪು ಔಷಧಿಗಳ ಜಾಹೀರಾತಿಗೆ ಹೋದವು. ಆ ಅಚ್ಚುಕೂಟದಲ್ಲಿ ಕೆಲಕಾಲ ದುಡಿದ ಒಬ್ಬ ತರುಣ ಧುಂಡಿರಾಜ ಗೋವಿಂದ ಫಾಲ್ಕೆ. ಮುಂದೆ 1913ರಲ್ಲಿ ‘ರಾಜಾ ಹರಿಶ್ಚಂದ್ರ’ ತೆಗೆದ ದಾದಾಸಾಹೇಬ್ ಫಾಲ್ಕೆ. ಅಂಚೆ ಇಲಾಖೆ ಫಾಲ್ಕೆಯವರ ಚೀಟಿಯನ್ನು ಬಿಡುಗಡೆ ಮಾಡಿದ್ದು ಯಾವಾಗ ಗೊತ್ತೇ? 1971ರ ಏಪ್ರಿಲ್ 30, ಅಂದರೆ ರವಿವರ್ಮನ ಚೀಟಿಯ ಮರುದಿನ. ಅದಕ್ಕೂ 20 ಪೈಸೆ. ಇಬ್ಬರ ಹುಟ್ಟಿದ ದಿನಗಳೂ ಹಾಗೆ ಬೆನ್ನುಬೆನ್ನಿಗೆ ಇದ್ದವು, ಅಷ್ಟೇ. ಆದರೂ ಆಲ್ಬಮ್ಮಿನಲ್ಲಿ ಅವೆರಡನ್ನೂ ಪಕ್ಕಪಕ್ಕ ಕೂರಿಸಿದಾಗ, ದೇವರು ದೇವತೆಗಳಿಗೆ ಇಂಥದೇ ಮುಖ, ಇಂಥದೇ ಉಡುಗೆ ಎಂದು ಜನರ ಮನಸ್ಸಿನಲ್ಲಿ ನೆಲೆಗೊಳಿಸಿದ ಕೆಲಸ ಕಲ್ಲಚ್ಚಿನಿಂದ ಬೆಳ್ಳಿತೆರೆಗೆ ಹೋದ ದಾರಿ ಕಾಣುತ್ತದೆ.

ಅದೇ ವರ್ಷದ ಇನ್ನೊಂದು ಚೀಟಿಯೇ ನನ್ನನ್ನು ಹೆಚ್ಚು ಕಾಡಿದ್ದು. ಆಗಸ್ಟ್ 7ರಂದು ಅವನೀಂದ್ರನಾಥ ಟಾಗೋರರ ಜನ್ಮಶತಾಬ್ದಿಗೆ ಅವರ ‘ಅಭಿಸಾರಿಕೆ’ ಚಿತ್ರದ ಚೀಟಿ ಬಂತು. ಅದರ ಬೆಲೆಯೂ 20 ಪೈಸೆಯೇ. ರವಿವರ್ಮ ಮತ್ತು ಅವನೀಂದ್ರರನ್ನು ಒಂದೇ ಹಾಳೆಯ ಮೇಲೆ ಅಂಟಿಸುವುದೆಂದರೆ, ಅದಕ್ಕೂ ಆರು ದಶಕದ ಹಿಂದೆ ಕಲ್ಕತ್ತೆಯಲ್ಲಿ ಯಾರೂ ಒಪ್ಪುತ್ತಿರಲಿಲ್ಲ.

ರವಿವರ್ಮ 1906ರ ಅಕ್ಟೋಬರ್ 2ರಂದು ತೀರಿಕೊಂಡರು. ಅದುವರೆಗೆ ಅವರಿಗೆ ಸಂದ ಗೌರವ ಸಣ್ಣದಲ್ಲ. 1873ರಲ್ಲಿ ವಿಯೆನ್ನಾದಲ್ಲಿ ಬಹುಮಾನ, 1893ರಲ್ಲಿ ಷಿಕಾಗೋದಲ್ಲಿ ಪದಕ, 1904ರಲ್ಲಿ ಸರ್ಕಾರದ ಕೈಸರ್-ಎ-ಹಿಂದ್ ಪದಕ. ಆದರೆ ಅಷ್ಟರಲ್ಲೇ ಬಂಗಾಳದಲ್ಲಿ ಗಾಳಿ ತಿರುಗಿತ್ತು. ಸ್ವದೇಶಿ ಚಳವಳಿಯ ಬಿಸಿಯಲ್ಲಿ, ಭಾರತದ ಕಲೆ ಭಾರತದ್ದೇ ಆಗಿರಬೇಕು ಎಂಬ ಮಾತು ಬಲವಾಯಿತು. ಎಣ್ಣೆಬಣ್ಣ ವಿದೇಶಿ, ಮಾದರಿ ಕೂರಿಸಿ ಬರೆಯುವುದು ವಿದೇಶಿ, ನೆರಳುಬೆಳಕಿನ ಆಟ ವಿದೇಶಿ. ಅವನೀಂದ್ರರು ಅಜಂತಾದ ಕಡೆ, ಮೊಗಲ್ ಕಿರುಚಿತ್ರಗಳ ಕಡೆ, ಜಪಾನಿನ ಕಡೆ ನೋಡಿದರು. ತೆಳುವಾದ ನೀರುಬಣ್ಣವನ್ನು ಮತ್ತೆ ಮತ್ತೆ ತೊಳೆದು ಮಂಜಿನಂಥ ಹದ ತಂದರು. ಕಲಾವಿಮರ್ಶಕ ಆನಂದ ಕುಮಾರಸ್ವಾಮಿ ರವಿವರ್ಮನ ದೇವತೆಗಳಲ್ಲಿ ನಾಟಕದ ಪಾತ್ರಧಾರಿಗಳನ್ನು ಕಂಡರು. ವಿವೇಕಾನಂದರ ಶಿಷ್ಯೆ ಸೋದರಿ ನಿವೇದಿತಾ, ನೆಲದ ಮೇಲೆ ಮಲಗಿ ಎಲೆಯ ಮೇಲೆ ಪತ್ರ ಬರೆಯುವ ಶಕುಂತಲೆಯ ಚಿತ್ರವನ್ನು ಕಟುವಾಗಿಯೇ ಟೀಕಿಸಿದರು. ಮರ್ಯಾದಸ್ಥ ಮನೆಯ ಹೆಣ್ಣು ಹಾಗೆ ಮಲಗುತ್ತಾಳೆಯೇ ಎಂಬುದು ಅವರ ಆಕ್ಷೇಪದ ಸಾರ. ಮೊದಲು ರವಿವರ್ಮನ ಚಿತ್ರಗಳನ್ನು ಪ್ರೀತಿಯಿಂದ ಅಚ್ಚು ಮಾಡುತ್ತಿದ್ದ ಕಲ್ಕತ್ತೆಯ ರಾಮಾನಂದ ಚಟರ್ಜಿಯವರ ಪತ್ರಿಕೆಗಳೂ ಹೊಸ ಪಂಥದ ಕಡೆಗೆ ವಾಲಿದವು.

ಈ ಜಗಳ ಮೈಸೂರಿಗೆ ಮನೆಯೊಳಗಿನ ವಿಷಯ. ಚಾಮರಾಜೇಂದ್ರ ಒಡೆಯರು 1885ರಲ್ಲಿ ರವಿವರ್ಮರನ್ನು ಕರೆಸಿ ರಾಜಮನೆತನದವರ ಭಾವಚಿತ್ರ ಬರೆಸಿದರು. ನಾಲ್ವಡಿ ಕೃಷ್ಣರಾಜ ಒಡೆಯರು ರಾಮಾಯಣ ಮಹಾಭಾರತದ ಒಂಬತ್ತು ಚಿತ್ರಗಳನ್ನು ಕೇಳಿದರು. ರವಿವರ್ಮನ ಬದುಕಿನ ಕೊನೆಯ ದೊಡ್ಡ ಕೆಲಸ ಅದೇ. ಅದರ ನಡುವೆಯೇ, 1905ರಲ್ಲಿ, ತಮ್ಮ ಸಿ. ರಾಜರಾಜವರ್ಮ ತೀರಿಕೊಂಡರು. ಅಣ್ಣನ ಜೊತೆ ಊರೂರು ತಿರುಗಿ, ಚಿತ್ರಗಳಲ್ಲಿ ಕೈ ಸೇರಿಸಿ, ಲೆಕ್ಕಪತ್ರ ನೋಡಿ, ಎಲ್ಲವನ್ನೂ ದಿನಚರಿಯಲ್ಲಿ ಬರೆದಿಟ್ಟವರು ಅವರು. ಅವರಿಲ್ಲದ ರವಿವರ್ಮನ ಕೈಯಿಂದ ಬಂದದ್ದು ಜಗನ್ಮೋಹನ ಅರಮನೆಯಲ್ಲಿರುವ ಜಟಾಯುವಧೆ, ಸಮುದ್ರರಾಜನ ಗರ್ವ ಮುರಿಯುವ ರಾಮ, ಸಂಧಾನಕ್ಕೆ ಬಂದ ಕೃಷ್ಣ. ರೆಕ್ಕೆ ಕಡಿದ ಜಟಾಯು, ಕತ್ತಿ ಎತ್ತಿದ ರಾವಣ, ಮುಖ ಮುಚ್ಚಿಕೊಂಡ ಸೀತೆ: ಆ ಚಿತ್ರವನ್ನು ನಾನು ಎಷ್ಟು ಸಲ ನೋಡಿದರೂ ಇದನ್ನು ನಾಟಕವೆಂದು ತಳ್ಳಿಹಾಕುವುದು ಅನ್ಯಾಯ ಎನ್ನಿಸುತ್ತದೆ. ನಾಟಕವೇ ಹೌದು, ನಮ್ಮ ಜನ ರಾಮಾಯಣವನ್ನು ತಿಳಿದದ್ದೂ ನಾಟಕದಿಂದ, ಬಯಲಾಟದಿಂದ. ಅಲ್ಲೇ ಇರುವ ವಾದ್ಯಗಾರ್ತಿಯರ ಚಿತ್ರ ಇನ್ನೂ ಹಳೆಯದು, 1889ರ ಸುಮಾರಿನದು. ದೇಶದ ಬೇರೆಬೇರೆ ಕಡೆಯ ಉಡುಗೆಯ ಹನ್ನೊಂದು ಹೆಂಗಸರು ಒಂದೇ ಚೌಕಟ್ಟಿನಲ್ಲಿ ಕೂತಿದ್ದಾರೆ. ವೀಣೆ ಹಿಡಿದವಳು ನಾಯರ್ ಹೆಣ್ಣುಮಗಳು.

ಅದೇ ನಾಲ್ವಡಿಯವರು, ಆಸ್ಥಾನದ ಚಿತ್ರಗಾರ ಮನೆತನದ ತರುಣ ಕೆ. ವೆಂಕಟಪ್ಪನವರನ್ನು 1909ರಲ್ಲಿ ವಿದ್ಯಾರ್ಥಿವೇತನ ಕೊಟ್ಟು ಕಳಿಸಿದ್ದು ಕಲ್ಕತ್ತೆಗೆ, ಅವನೀಂದ್ರನಾಥರ ಬಳಿಗೆ. ವೆಂಕಟಪ್ಪ ಅಲ್ಲಿ ನಂದಲಾಲ ಬೋಸರ ಜೊತೆ ಕಲಿತರು. ನಿವೇದಿತಾ ಮತ್ತು ಕುಮಾರಸ್ವಾಮಿ ಸೇರಿ ಬರೆದ ಪುರಾಣಕಥೆಗಳ ಪುಸ್ತಕಕ್ಕೆ ಅವನೀಂದ್ರರ ಶಿಷ್ಯರೆಲ್ಲ ಚಿತ್ರ ಕೊಟ್ಟರು. ಅವರಲ್ಲಿ ನಮ್ಮ ವೆಂಕಟಪ್ಪನವರೂ ಒಬ್ಬರು. ಊರಿಗೆ ಮರಳಿದ ಮೇಲೆ ಊಟಿ, ಕೊಡೈಕೆನಾಲುಗಳ ಮಂಜನ್ನು, ಮೋಡವನ್ನು ಜಲವರ್ಣದಲ್ಲಿ ಹಿಡಿದರು. ಅರಮನೆಗೆ ಪ್ಲಾಸ್ಟರಿನಲ್ಲಿ ಉಬ್ಬುಚಿತ್ರಗಳನ್ನು ಮಾಡಿದರು. ಕೊನೆಯವರೆಗೂ ಒಂಟಿಯಾಗಿ, ಕಟ್ಟುನಿಟ್ಟಾಗಿ ಬದುಕಿ 1965ರಲ್ಲಿ ತೀರಿಕೊಂಡರು. ಒಬ್ಬನೇ ದೊರೆ ಎರಡೂ ಪಂಥಗಳಿಗೆ ಅನ್ನ ಹಾಕಿದ. ಕಲ್ಕತ್ತೆಯ ಪತ್ರಿಕೆಗಳಲ್ಲಿ ಹೊಡೆದಾಡಿದ ಎರಡು ದಾರಿಗಳಿಗೂ ಮೈಸೂರಿನಲ್ಲಿ ಒಂದೇ ಅರಮನೆಯ ಆಸರೆ ಸಿಕ್ಕಿತು. ಇದನ್ನು ನಮ್ಮ ಊರಿನ ದೊಡ್ಡತನವೆಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ.

ತಿರುವನಂತಪುರದಲ್ಲೂ ಇಂಥದೇ ನಡೆಯಿತು. ಹಂಸ ದಮಯಂತಿ ಸೇರಿದ ಶ್ರೀ ಚಿತ್ರಾ ಕಲಾ ಗ್ಯಾಲರಿ 1935ರಲ್ಲಿ ತೆರೆದಾಗ ಅದಕ್ಕೆ ಸಲಹೆಗಾರರಾಗಿ ನಿಂತವರು ಐರಿಷ್ ಕವಿ ಜೇಮ್ಸ್ ಕಸಿನ್ಸ್. ಅವರು ಅವನೀಂದ್ರರ ಬಂಗಾಳ ಪಂಥದ ದೊಡ್ಡ ಪ್ರಚಾರಕ. ಆದರೂ ಅಲ್ಲಿ ರವಿವರ್ಮನಿಗೆ ಮುಖ್ಯ ಜಾಗವೇ ಸಿಕ್ಕಿತು. ತವರೂರಿನಲ್ಲಿ ಬೇರೆ ಹೇಗೆ ಆದೀತು?

1971ಕ್ಕೆ ಮರಳುತ್ತೇನೆ. ಕಲಾವಿಮರ್ಶಕರು ಆ ಹೊತ್ತಿಗೂ ರವಿವರ್ಮನನ್ನು ಕ್ಯಾಲೆಂಡರ್ ಚಿತ್ರಕಾರ ಎಂದು ಬದಿಗಿಡುತ್ತಿದ್ದರು. ಅಂಥ ಕಾಲದಲ್ಲಿ ಇಲಾಖೆ ನಾಲ್ಕು ತಿಂಗಳೊಳಗೆ ರವಿವರ್ಮ, ಅವನೀಂದ್ರ ಇಬ್ಬರಿಗೂ ಒಂದೇ ಬೆಲೆ ಕಟ್ಟಿ, ಒಂದೇ ಕೌಂಟರಿನಲ್ಲಿ, ಒಂದೇ ಕೆಲಸಕ್ಕೆ ಇಟ್ಟಿತು. ಯಾವ ಸಮಿತಿ ಹೇಗೆ ಯೋಚಿಸಿತೋ, ಫಲ ಸರಿಯಾಗಿತ್ತು. ಚೀಟಿಯಾಗಿ ನೋಡಿದರೆ ಎರಡರಲ್ಲಿ ನನಗೆ ಗೆದ್ದಂತೆ ಕಾಣುವುದು ದಮಯಂತಿಯೇ. ಅಭಿಸಾರಿಕೆಯ ಸೊಗಸೆಲ್ಲ ಬಣ್ಣ ಬಣ್ಣದೊಳಗೆ ಕರಗುವುದರಲ್ಲಿದೆ. ಅಷ್ಟು ಚಿಕ್ಕ ಜಾಗದಲ್ಲಿ, ಸುತ್ತ ತೂತುಗಳ ಸಾಲು, ಮೇಲೆ ಕಪ್ಪು ಮೊಹರು ಬಿದ್ದ ಮೇಲೆ, ಆ ನಯ ಉಳಿಯುವುದಿಲ್ಲ. ಅವನೀಂದ್ರರ ಮೂಲಚಿತ್ರ ನೋಡಬೇಕು. ಚೀಟಿ ಅವರಿಗೆ ನ್ಯಾಯ ಮಾಡಲಿಲ್ಲ. ರವಿವರ್ಮ ಅಚ್ಚಿಗೆ ಒಗ್ಗಿದವರು, ಎಷ್ಟು ಸಲ ಅಚ್ಚಾದರೂ ತಡೆಯುವ ಗೆರೆ ಅವರದು.

ಚೀಟಿ ಬಂದ ಮುಂದಿನ ವರ್ಷ, 1972ರಲ್ಲಿ, ಮಳವಲಿಯ ಹಳೆಯ ಅಚ್ಚುಕೂಟಕ್ಕೆ ಬೆಂಕಿ ಬಿತ್ತು. ಉಳಿದಿದ್ದ ಅಚ್ಚಿನ ಪಟಗಳಲ್ಲಿ ಎಷ್ಟೋ ಬೂದಿಯಾದವು. ಅದೇ ವರ್ಷ ಪ್ರಾಚೀನ ವಸ್ತು ಮತ್ತು ಕಲಾನಿಧಿಗಳ ಕಾಯಿದೆಯಾಯಿತು. ಆ ಕಾಯಿದೆಯ ಬಲದಿಂದ ಅದೇ ದಶಕದಲ್ಲಿ ಒಂಬತ್ತು ಚಿತ್ರಕಾರರ ಕೃತಿಗಳನ್ನು ರಾಷ್ಟ್ರದ ಕಲಾನಿಧಿಯೆಂದು ಸಾರಿ, ದೇಶ ಬಿಟ್ಟು ಹೋಗದಂತೆ ತಡೆದರು. ರವಿವರ್ಮ ಆ ಒಂಬತ್ತರಲ್ಲಿ ಒಬ್ಬರು, ಅವನೀಂದ್ರನಾಥರೂ ಇದ್ದಾರೆ. ಮೂಲಚಿತ್ರ ಹೊರದೇಶಕ್ಕೆ ಹೋಗುವಂತಿಲ್ಲ. ಹಂಸ ದಮಯಂತಿ ಆ ವೇಳೆಗಾಗಲೇ ಕವರುಗಳ ಮೇಲೆ ಕೂತು ಲೋಕವೆಲ್ಲ ಸುತ್ತಿತ್ತು.

ಈಗ ಈ ಚೀಟಿಯನ್ನು ಹುಡುಕುವವರಿಗೆ ಒಂದು ಮಾತು. ಬಳಸದ ಚೀಟಿ ದುಬಾರಿಯೇನಲ್ಲ, ಚೀಟಿ ವ್ಯಾಪಾರಿಗಳ ಬಳಿ ಸಿಗುತ್ತದೆ. ನಿಜವಾದ ಬೆಲೆಯಿರುವುದು ಕವರಿನ ಮೇಲೆಯೇ ಉಳಿದ ಚೀಟಿಗೆ. ಚೀಟಿ ಬಂದ ವರ್ಷ, 1971ರಲ್ಲಿ, ಪೂರ್ವ ಬಂಗಾಳದಿಂದ ನಿರಾಶ್ರಿತರು ಲಕ್ಷಗಟ್ಟಲೆ ಬಂದರು. ನವೆಂಬರ್ 15ರಿಂದ ಕಾಗದಗಳಿಗೆ ನಿರಾಶ್ರಿತರ ಪರಿಹಾರಕ್ಕೆಂದು 5 ಪೈಸೆ ಹೆಚ್ಚು ತೆರಿಗೆ ಬಿತ್ತು. ಅದಕ್ಕೆಂದೇ ಬೇರೆ ಚೀಟಿ ಅಚ್ಚಾಗಿ ಬಂದದ್ದು ಡಿಸೆಂಬರಿನಲ್ಲಿ. ಅಲ್ಲಿಯವರೆಗೆ ಕುಟುಂಬ ಯೋಜನೆಯ 5 ಪೈಸೆಯ ಚೀಟಿಯ ಮೇಲೆಯೇ ನಿರಾಶ್ರಿತರ ಪರಿಹಾರ ಎಂದು ಹೆಚ್ಚುವರಿ ಅಚ್ಚು ಒತ್ತಿ ಮಾರಿದರು, ಕೆಲವು ಊರುಗಳಲ್ಲಿ ಅಲ್ಲಲ್ಲೇ ಒತ್ತಿಕೊಂಡರು. ಬೆಂಗಳೂರಿನಲ್ಲಿ ಒತ್ತಿದ್ದನ್ನು ಸಂಗ್ರಹಕಾರರು ಬೇರೆಯಾಗಿಯೇ ಗುರುತಿಸುತ್ತಾರೆ. ದಾವಣಗೆರೆಯಿಂದ ನಮ್ಮ ಸೋದರತ್ತೆ ಅಪ್ಪನಿಗೆ ಬರೆದ ಒಂದು ಕಾಗದದ ಕವರು ನನ್ನ ಹತ್ತಿರ ಇದೆ. ಹಸಿರು ದಮಯಂತಿ, ಪಕ್ಕದಲ್ಲಿ ಆ 5 ಪೈಸೆಯ ಚೀಟಿ, ಎರಡರ ಮೇಲೂ ಹಾದುಹೋದ ತಾರೀಖಿನ ಮೊಹರು. ಅಂಥದು ನಿಮ್ಮ ಮನೆಯ ಟ್ರಂಕಿನಲ್ಲಿ ಸಿಕ್ಕರೆ ನೀರಿನಲ್ಲಿ ನೆನೆಸಿ ಚೀಟಿ ಬಿಡಿಸಬೇಡಿ, ಕತ್ತರಿಸಲೂ ಬೇಡಿ. ಒಳಗಿನ ಕಾಗದದ ಸಮೇತ ಕವರನ್ನು ಆಮ್ಲವಿಲ್ಲದ ಕಾಗದದ ನಡುವೆ ಚಪ್ಪಟೆಯಾಗಿ ಇಡಿ, ಬಿಸಿಲು ತೇವ ತಾಗದಂತೆ ನೋಡಿಕೊಳ್ಳಿ.